ಡಿಫಾಲ್ಟ್ ಬೇಲ್: ನಾನು ದಿನ ಎಣಿಸುವ ರೀತಿ

ನಾನು ಆರೋಪಿಗಳ ಪರ ಕೇಸ್ ನಡೆಸುವ ವಕೀಲ. ಜೈಲಿನಲ್ಲಿರುವವರ ಮನೆಯವರು ಬಂದಾಗ ಮೊದಲು ಕೇಳುವುದು ಎಫ್‌ಐಆರ್ ಮತ್ತು ಮೊದಲ ರಿಮ್ಯಾಂಡ್ ಆದೇಶ, ಅಂದರೆ ಆರೋಪಿಯನ್ನು ಕಸ್ಟಡಿಯಲ್ಲಿಡಲು ಮ್ಯಾಜಿಸ್ಟ್ರೇಟ್ ಕೊಟ್ಟ ಆದೇಶ. ಒಂದರಲ್ಲಿ ಸೆಕ್ಷನ್ ಸಿಗುತ್ತದೆ, ಇನ್ನೊಂದರಲ್ಲಿ ತಾರೀಖು. ಅಲ್ಲಿಂದ ದಿನ ಎಣಿಸಲು ಶುರು.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಹಳೆಯ ಸೆಕ್ಷನ್ 167(2) ಈಗ 187(3). ತನಿಖೆ ಮುಗಿಸಿ ಚಾರ್ಜ್‌ಶೀಟ್ (ಆರೋಪಪಟ್ಟಿ) ಹಾಕಲು ಪೊಲೀಸರಿಗೆ 60 ದಿನ. ಮರಣದಂಡನೆ, ಜೀವಾವಧಿ, 10 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ 90. ಅಷ್ಟರಲ್ಲಿ ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕು. ಇದೇ ಡಿಫಾಲ್ಟ್ ಬೇಲ್. ಆರೋಪ ಎಷ್ಟು ಗಟ್ಟಿ ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಎಣಿಕೆ ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟ್ ಮೊದಲ ಸಲ ರಿಮ್ಯಾಂಡ್ ಮಾಡಿದ ದಿನದಿಂದ. ಆ ದಿನವನ್ನೂ ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿತು. ಮಾರ್ಚ್ 1ರಂದು ರಿಮ್ಯಾಂಡ್ ಆಗಿದ್ದರೆ ಏಪ್ರಿಲ್ 29ಕ್ಕೆ 60 ದಿನ ಮುಗಿಯುತ್ತದೆ. ಏಪ್ರಿಲ್ 30ರ ಬೆಳಿಗ್ಗೆ ಅರ್ಜಿ ಕೋರ್ಟಿನಲ್ಲಿರಬೇಕು.

ಬೆಳಿಗ್ಗೆಯೇ ಯಾಕೆ ಅಂದರೆ, ಅರ್ಜಿಗಿಂತ ಮೊದಲು ಚಾರ್ಜ್‌ಶೀಟ್ ಬಂದುಬಿಟ್ಟರೆ ಈ ಹಕ್ಕು ಹೋಯಿತು. ಕಳ್ಳತನದ ಕೇಸೊಂದರಲ್ಲಿ ಒಬ್ಬ ಹುಡುಗನ ಜಾಮೀನು ಅರ್ಜಿ ಮೊದಲೇ ವಜಾ ಆಗಿತ್ತು. ತನಿಖೆ ಬಾಕಿ ಇದೆ ಅನ್ನುವುದೇ ಕಾರಣ. 60 ದಿನ ಮುಗಿಯುವ ದಿನವೇ ಡಿಫಾಲ್ಟ್ ಬೇಲ್ ಅರ್ಜಿ ಟೈಪ್ ಮಾಡಿಸಿಟ್ಟಿದ್ದೆ. ಮರುದಿನ ಕೋರ್ಟ್ ತೆರೆದ ಕೂಡಲೇ ಸಲ್ಲಿಸಿ, ಅದರ ಮೇಲೆ ತಾರೀಖಿನ ಜೊತೆ ಸಮಯವನ್ನೂ ಬರೆಸಿಕೊಂಡೆ. ಮಧ್ಯಾಹ್ನ ಚಾರ್ಜ್‌ಶೀಟ್ ಬಂತು. ಇನ್ನು ಅರ್ಜಿ ನಿಲ್ಲುವುದಿಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದರು. ನಾನು ಎಂ. ರವೀಂದ್ರನ್ ಪ್ರಕರಣದ 2020ರ ಸುಪ್ರೀಂ ಕೋರ್ಟ್ ತೀರ್ಪು ಮುಂದಿಟ್ಟೆ. ಅರ್ಜಿ ಕೊಟ್ಟ ಮೇಲೆ ಚಾರ್ಜ್‌ಶೀಟ್ ಬಂದರೂ ಹಕ್ಕು ಉಳಿಯುತ್ತದೆ ಎಂದು ಅದರಲ್ಲಿದೆ. ಜಾಮೀನು ಸಿಕ್ಕಿತು. ಆ ಸಮಯದ ಬರಹ ಇಲ್ಲದಿದ್ದರೆ ವಾದ ತುಂಬಾ ಕಷ್ಟವಾಗುತ್ತಿತ್ತು.

ಆದೇಶ ಸಿಕ್ಕರೆ ಕೆಲಸ ಮುಗಿಯಲಿಲ್ಲ. ಕೋರ್ಟ್ ಹೇಳಿದ ಗಡುವಿನಲ್ಲಿ ಬಾಂಡ್ (ಮುಚ್ಚಳಿಕೆ), ಶ್ಯೂರಿಟಿ (ಜಾಮೀನುದಾರರ ಭದ್ರತೆ) ಕೊಡಬೇಕು. ಕೊಡದೆ ಇರುವಾಗ ಚಾರ್ಜ್‌ಶೀಟ್ ಬಂದರೆ ಕೈಗೆ ಬಂದದ್ದು ತಪ್ಪುತ್ತದೆ. ಹಾಗಾಗಿ ಶ್ಯೂರಿಟಿ ಕೊಡುವವರನ್ನು, ಅವರ ದಾಖಲೆಗಳನ್ನು ಒಂದು ವಾರ ಮುಂಚೆಯೇ ಸಿದ್ಧ ಮಾಡಿಸುತ್ತೇನೆ. ಬಡವರ ಕೇಸ್‌ಗಳು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಕ್ಕು ಇದ್ದೂ ಒಬ್ಬ ಮನುಷ್ಯ ಸುಮ್ನೆ ಒಳಗೆ ಕೂರುವುದು ನನಗೆ ಸಹಿಸಲಾಗದ ಸಂಗತಿ.

ಕಳ್ಳನನ್ನು ಬಿಡಿಸುವ ಉಪಾಯ ಇದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೇಸ್ ಎಲ್ಲೂ ಹೋಗುವುದಿಲ್ಲ, ವಿಚಾರಣೆ ನಡೆದೇ ನಡೆಯುತ್ತದೆ. ತನಿಖೆಯ ಹೆಸರಿನಲ್ಲಿ ಒಬ್ಬರನ್ನು ಎಷ್ಟು ದಿನ ಬೇಕಾದರೂ ಒಳಗಿಡುವಂತಿಲ್ಲ, ಅಷ್ಟೇ.

ಹೊರಗೆ ಬಂದವರಿಗೆ ಎರಡು ಮಾತು ಹೇಳಿಯೇ ಕಳಿಸುತ್ತೇನೆ. ಚಾರ್ಜ್‌ಶೀಟಿನ ನಕಲು ಉಚಿತವಾಗಿ ಕೊಡಬೇಕು ಎಂದು ಬಿಎನ್‌ಎಸ್‌ಎಸ್ ಸೆಕ್ಷನ್ 230 ಹೇಳುತ್ತದೆ. ತೆಗೆದುಕೊಂಡು ಕೂತು ಓದಿ. ಹಿಯರಿಂಗ್ ತಪ್ಪಿಸಬೇಡಿ. ಬರಲಾಗದಿದ್ದರೆ ಅವತ್ತೇ ವಕೀಲರಿಗೆ ಫೋನ್ ಮಾಡಿ, ವಿನಾಯಿತಿ ಅರ್ಜಿ ಹಾಕಬಹುದು. ವಾರಂಟ್ ಹೊರಟ ಮೇಲೆ ಅದನ್ನು ವಾಪಸ್ ಮಾಡಿಸಲು ಮತ್ತೊಂದು ಅರ್ಜಿ, ಮತ್ತೊಂದು ವಾದ.