ಸೋರುವುದು ಗಾಜಲ್ಲ, ಕಟ್ಟೆ: ತಾರಸಿಗೆ ಸ್ಕೈಲೈಟ್ ಕೂರಿಸುವ ಮುನ್ನ

ಬೆಳಕಿಗಾಗಿ ತಾರಸಿಯಲ್ಲಿ ತೂತು ಬಿಟ್ಟು, ಅದರ ಮೇಲೆ ಗಾಜು ಕೂರಿಸುವ ಸ್ಕೈಲೈಟ್ ಅಂದ ಕೂಡಲೇ ಮನೆ ಕಟ್ಟಿಸುವವರ ಬಾಯಲ್ಲಿ ಬರುವ ಮೊದಲ ಮಾತು, "ಬೇಡಪ್ಪ, ಮಳೆಗಾಲಕ್ಕೆ ಸೋರುತ್ತೆ." ಸೋರುವ ಮನೆಗಳು ಬೇಕಾದಷ್ಟಿವೆ, ಸುಳ್ಳಲ್ಲ. ಆದರೆ ಗಾಜಿನೊಳಗಿಂದ ಒಂದು ಹನಿಯೂ ಇಳಿಯುವುದಿಲ್ಲ. ನೀರು ನುಗ್ಗುವುದು ಹೆಚ್ಚಾಗಿ ಗಾಜು ಕೂತಿರುವ ಕಟ್ಟೆಯ ಬುಡದಲ್ಲಿ. ಮೋಲ್ಡ್ ಹಾಕಿ ತಿಂಗಳಾದ ಮೇಲೆ ತೂತಿನ ಸುತ್ತ ಎರಡು ವರಸೆ ಇಟ್ಟಿಗೆ ಕಟ್ಟಿ ಪ್ಲಾಸ್ಟರ್ ಮಾಡಿದರೆ, ಹಳೇ ಕಾಂಕ್ರೀಟಿಗೂ ಹೊಸ ಗಾರೆಗೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತಾರಸಿ ಮೇಲೆ ಅರ್ಧ ಇಂಚು ನೀರು ನಿಂತರೂ ಆ ಬಿರುಕಿಗೆ ಸಾಕು.

ಕಟ್ಟೆಯನ್ನು ಕಾಂಕ್ರೀಟಿನಲ್ಲೇ ಹಾಕಿಸಿ. ಸ್ಲ್ಯಾಬಿಗೆ ಸೆಂಟ್ರಿಂಗ್ (ಹಲಗೆಯ ಅಚ್ಚು) ಹೊಡೆಯುವಾಗಲೇ ತೂತಿನ ಸುತ್ತ 8 ಎಂಎಂ ಕಂಬಿಗಳನ್ನು 6 ಇಂಚಿಗೊಂದರಂತೆ ಮೇಲಕ್ಕೆ ಬಿಡಿಸಿ. ಕಟ್ಟೆಯ ದಪ್ಪ 4 ಇಂಚು. ಪೂರ್ತಿ ಕಟ್ಟೆಯನ್ನು ಅದೇ ದಿನ ಹಾಕಲಾಗದಿದ್ದರೆ ಮೊದಲ 4 ಇಂಚನ್ನಾದರೂ ಸ್ಲ್ಯಾಬಿನ ಜೊತೆಗೇ ಎಬ್ಬಿಸಿ. ಆಗ ಜೋಡಣೆ ನೀರು ನಿಲ್ಲುವ ಮಟ್ಟಕ್ಕಿಂತ ಮೇಲಿರುತ್ತದೆ. ಎತ್ತರ ಲೆಕ್ಕ ಹಾಕುವಾಗ ಬಹಳ ಮಂದಿ ಎಡವುತ್ತಾರೆ. ಕಟ್ಟೆ 6 ಇಂಚು ಇರಬೇಕಾದದ್ದು ಸ್ಲ್ಯಾಬಿನಿಂದಲ್ಲ, ಮುಗಿದ ತಾರಸಿಯಿಂದ. ಮೇಲೆ ವಾಟ ಕೊಡುವ ಗಾರೆ, ಟೈಲ್ಸ್ ಸೇರಿ 3 ಇಂಚು ಏರುತ್ತದಲ್ಲ, ಹಾಗಾಗಿ ಸ್ಲ್ಯಾಬಿನಿಂದ 9 ಇಂಚು ಬೇಕು. ತಾರಸಿಯೂ ಕಟ್ಟೆಯೂ ಸೇರುವ ಮೂಲೆಗೆ 2 ಇಂಚಿನ ಓರೆ ಗಾರೆ ಬಳಿದು, ವಾಟರ್‌ಪ್ರೂಫಿಂಗನ್ನು ಕಟ್ಟೆಯ ಹೊರಮೈ ಹತ್ತಿಸಿ, ತಲೆ ದಾಟಿಸಿ ಒಳಮೈಗೆ ಇಳಿಸಿ. ಗಾಜು ಕೂರಿಸುವ ಮೊದಲೇ ಕಟ್ಟೆಯ ಸುತ್ತ ಮಣ್ಣಿನ ಬದು ಹಾಕಿ 48 ಗಂಟೆ ನೀರು ನಿಲ್ಲಿಸಿ ನೋಡಿ. ಆ ಎರಡು ದಿನ ಉಳಿಸಲು ಹೋಗಿ ಆಮೇಲೆ ಪರದಾಡಬೇಡಿ.

"ಸುತ್ತ ಸಿಲಿಕಾನ್ ಮೆತ್ತಿದರೆ ಆಯ್ತು" ಅನ್ನುವುದು ಎರಡನೇ ನಂಬಿಕೆ. ಸಿಲಿಕಾನ್ ಬಿಸಿಲಿಗೆ ಎಳೆದಾಡಿ, ಕೆಲವು ವರ್ಷಕ್ಕೆ ಅಂಚು ಬಿಡುತ್ತದೆ. ಅದು ಎರಡನೇ ಕಾವಲು ಮಾತ್ರ. ಮೊದಲ ಕಾವಲು ಗಾಜಿನ ಆಕಾರವೇ. ಎರಡೂವರೆ ಅಡಿ ಚೌಕದ ತೂತಾದರೆ ಕಟ್ಟೆಯ ಹೊರ ಅಳತೆ 3 ಅಡಿ 2 ಇಂಚು. ಗಾಜು ಮೂರೂವರೆ ಅಡಿ ಇರಲಿ. ನಾಲ್ಕೂ ಕಡೆ 2 ಇಂಚು ಹೊರಚಾಚಿದರೆ ಹನಿ ಕಟ್ಟೆಯಿಂದಾಚೆ ಬೀಳುತ್ತದೆ. ಒಂದು ಬದಿಯ ಕಟ್ಟೆಯನ್ನು ಮೂರೂವರೆ ಇಂಚು ಎತ್ತರಿಸಿದರೆ ಸುಮಾರು 5 ಡಿಗ್ರಿ ವಾಟ ಸಿಗುತ್ತದೆ. ಸಮತಟ್ಟಾಗಿ ಕೂತ ಗಾಜಿನ ಮೇಲೆ ಧೂಳು, ಎಲೆ, ನೀರು ಕೊಳೆಯುತ್ತವೆ. ಗಾಜಿನಡಿ ಇಪಿಡಿಎಂ (ಬಿಸಿಲು-ಮಳೆ ತಾಳುವ) ರಬ್ಬರ್ ಪಟ್ಟಿ ಹಾಕಿಸಿ. ಸಿಲಿಕಾನ್ ಕೊಳ್ಳುವಾಗ ಟ್ಯೂಬಿನ ಮೇಲೆ 'ನ್ಯೂಟ್ರಲ್' ಎಂದಿದೆಯೇ ನೋಡಿ. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಟ್ಯೂಬು ಸಿಮೆಂಟಿಗೆ ನೆಟ್ಟಗೆ ಹಿಡಿಯುವುದಿಲ್ಲ, ಲ್ಯಾಮಿನೇಟೆಡ್ (ಎರಡು ಹಲಗೆ ಅಂಟಿಸಿದ) ಗಾಜಿನ ಅಂಚನ್ನೂ ಕೆಡಿಸುತ್ತದೆ.

ಗಾಜಿನ ವಿಷಯದಲ್ಲಿ ದಯವಿಟ್ಟು ರಾಜಿ ಬೇಡ. "12 ಎಂಎಂ ಟಫನ್ಡ್ ಹಾಕಿದ್ದೀವಿ, ಆನೆ ಹತ್ತಿದ್ರೂ ಏನೂ ಆಗಲ್ಲ" ಅನ್ನುತ್ತಾರೆ. ಟಫನ್ಡ್, ಅಂದರೆ ಕಾಯಿಸಿ ತಟ್ಟನೆ ತಣಿಸಿದ ಗಾಜು ಗಟ್ಟಿ, ನಿಜ. ಆದರೆ ಒಡೆದರೆ ಇಡೀ ಹಲಗೆ ಒಂದೇ ಕ್ಷಣಕ್ಕೆ ಪುಡಿಯಾಗಿ ಕೆಳಗೆ ಸುರಿಯುತ್ತದೆ. ಅಪರೂಪಕ್ಕೆ, ಒಳಗೆ ಸಿಕ್ಕಿಕೊಂಡ ನಿಕಲ್ ಸಲ್ಫೈಡ್ ಕಣದಿಂದ, ಯಾರೂ ಮುಟ್ಟದೆಯೂ ಸಿಡಿಯುತ್ತದೆ. ತಲೆಯ ಮೇಲೆ ಇರಬೇಕಾದದ್ದು ಲ್ಯಾಮಿನೇಟೆಡ್: 6 ಎಂಎಂನ ಎರಡು ಗಾಜು, ನಡುವೆ 1.52 ಎಂಎಂ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಮೂರೂವರೆ ಅಡಿ ಚೌಕದ ಈ ಗಾಜು 36 ಕೆ.ಜಿ. ಆಸುಪಾಸು ತೂಗುತ್ತದೆ, ಇಬ್ಬರಿಲ್ಲದೆ ಎತ್ತಬೇಡಿ. ಈ ಎರಡು ಹಲಗೆಗಳು ಟಫನ್ ಆದವಾದರೆ ಆಮೇಲೆ ಕತ್ತರಿಸಲಾಗದು, ಆದ್ದರಿಂದ ಕಟ್ಟೆ ಮುಗಿದ ಮೇಲೇ ಅಳತೆ ಕೊಡಿ. ಕಳ್ಳರಿಗೂ ಕೋತಿಗೂ ಅಡ್ಡವಾಗಿ, ಗಾಜಿನ ಕೆಳಗೆ 4 ಇಂಚು ಸಂದಿನ ಗ್ರಿಲ್ ಇರಲಿ.

ದೊಡ್ಡದಾದಷ್ಟೂ ಒಳ್ಳೆಯದು ಅನ್ನುವವರು ಏಪ್ರಿಲ್ ತಿಂಗಳನ್ನು ಮರೆತಿರುತ್ತಾರೆ. ಬೆಂಗಳೂರು, ಮಂಗಳೂರು ಎರಡೂ 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇವೆ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದ ನಂತರ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಉರಿ ಬೇಸಿಗೆಯಲ್ಲೇ ಬಿಸಿಲು ನೇರ ನೆಲಕ್ಕಿಳಿಯುತ್ತದೆ. ಕೋಣೆಯ ನೆಲದ ನೂರಕ್ಕೆ 4–5 ಭಾಗ ಸಾಕು. 12×12 ಅಡಿ ಕೋಣೆಗೆ ಎರಡೂವರೆ ಅಡಿ ಚೌಕ ಧಾರಾಳ. ಉತ್ತರಕ್ಕೆ ಮುಖ ಮಾಡಿದ ಕಿಂಡಿಗೆ ನೇರ ಬಿಸಿಲು ಬೀಳುವುದೇ ಇಲ್ಲ ಎಂಬ ಮಾತೂ ನಮ್ಮಲ್ಲಿ ಪೂರ್ತಿ ನಿಜವಲ್ಲ, ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಒಳಗೆ ಪರದೆ ಕಟ್ಟಿದರೆ ಬೆಳಕು ತಗ್ಗೀತು, ಸೆಕೆ ಅಷ್ಟಾಗಿ ತಗ್ಗದು. ಗಾಜು ದಾಟಿ ಬಂದ ಶಾಖ ಪರದೆಯನ್ನೇ ಕಾಯಿಸಿ ಬಹುಪಾಲು ಒಳಗೇ ಉಳಿಯುತ್ತದೆ. ನೆರಳಿನ ಬಲೆಯನ್ನು ಗಾಜಿನ ಹೊರಗೆ, ಅರ್ಧ ಅಡಿ ಮೇಲೆ ಕಟ್ಟಿ. ಎತ್ತರದ ಬದಿಯ ಕಟ್ಟೆಯಲ್ಲಿ ಗಾಜಿನಂಚಿನ ಕೆಳಗೆ ಸೊಳ್ಳೆಜಾಲರಿಯ ಕಿಂಡಿ ಬಿಟ್ಟರೆ, ಮೇಲೇರಿದ ಬಿಸಿಗಾಳಿ ಹೊರಹೋಗುತ್ತದೆ.

ಕಟ್ಟಿದ ಮನೆಗೆ ಆಮೇಲೆ ತೂತು ಕೊರೆಯಬಹುದೇ? ಬಹುದು, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಕಂಬಿ ಓಡಿರುವ ದಿಕ್ಕು ನೋಡಿದ ಮೇಲೆ. ಬೀಮಿನ ಹತ್ತಿರ, ಬಾಲ್ಕನಿಯ ಚಾಚಿನಲ್ಲಿ ಬೇಡವೇ ಬೇಡ. ಹೊಸ ಮನೆಯಾದರೆ, ತೂತಿನಿಂದಾಗಿ ತುಂಡಾದಷ್ಟೇ ಕಂಬಿಯನ್ನು ಅದರ ಅಕ್ಕಪಕ್ಕದಲ್ಲಿ ಸೇರಿಸಿ, ಅಂಚಿನಿಂದಾಚೆ 10 ಎಂಎಂ ಕಂಬಿಗೆ ಎರಡಡಿ ಮುಂದುವರಿಸಬೇಕು. ನಾಲ್ಕೂ ಮೂಲೆಗೆ ಓರೆಯಾಗಿ ಒಂದೊಂದು ಕಂಬಿ ಬೇಕು. ಇಲ್ಲದಿದ್ದರೆ ಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಹೆಂಚಿನ ಮನೆಯವರಿಗೆ ಇಷ್ಟೆಲ್ಲ ರಗಳೆ ಇಲ್ಲ. ಗಾಜಿನ ಹೆಂಚು ತಂದು ಮಣ್ಣಿನ ಹೆಂಚಿನ ಜಾಗಕ್ಕೆ ಸಿಕ್ಕಿಸಿದರಾಯಿತು. ಆದರೆ ಎಲ್ಲ ಮಂಗಳೂರು ಹೆಂಚೂ ಒಂದೇ ಅಳತೆ ಅಂದುಕೊಳ್ಳಬೇಡಿ. ಕಾರ್ಖಾನೆಯಿಂದ ಕಾರ್ಖಾನೆಗೆ, ಹೆಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಗಾಡಿಯ (ತೋಡಿನ) ಅಂತರ ಒಂದೆರಡು ಎಂಎಂ ಬದಲಾಗುತ್ತದೆ, ಹೊಂದದಿದ್ದರೆ ಗಾಳಿಮಳೆಗೆ ಸಂದಿನಲ್ಲಿ ನೀರು ಒಳಸೇರುತ್ತದೆ. ಛಾವಣಿಯ ಹಳೇ ಹೆಂಚೊಂದನ್ನು ಅಂಗಡಿಗೇ ಒಯ್ದು ಜೋಡಿಸಿ ನೋಡಿ ಕೊಳ್ಳಿ.

ಎಲ್ಲ ಸರಿ ಮಾಡಿದ ಮೇಲೂ ಡಿಸೆಂಬರ್ ಬೆಳಗಿನಲ್ಲಿ ಗಾಜಿನಡಿ ಹನಿ ಕಂಡರೆ ಗಾಬರಿಬಿದ್ದು ಮೇಸ್ತ್ರಿಗೆ ಫೋನ್ ಮಾಡಬೇಡಿ. ಅಡುಗೆಮನೆ, ಬಚ್ಚಲಿನ ಹಬೆ ತಣ್ಣಗಿನ ಗಾಜಿಗೆ ತಾಗಿ ಬೆವರುವುದು ಹೀಗೇ. ಹನಿ ಗಾಜಿನ ತುಂಬ ಹರಡಿದ್ದು, ಮಳೆಯಿಲ್ಲದ ದಿನವೂ ಕಂಡರೆ ಅದು ಬೆವರು. ಗಾಳಿ ಕಿಂಡಿ ದೊಡ್ಡದು ಮಾಡಿ. ಮಳೆಯಾದ ಮೇಲೆ ಕಟ್ಟೆಯ ಒಳಗೋಡೆಯಲ್ಲಿ ಒಂದೇ ಕಡೆ ಕಲೆ ಮೂಡಿದರೆ ಅದು ಸೋರಿಕೆ. ಬಿಸಿಲು ಬಿದ್ದ ದಿನ ಪೈಪಿನಿಂದ ಮೊದಲು ಬುಡಕ್ಕೆ ಹತ್ತು ನಿಮಿಷ, ಆಮೇಲೆ ಗಾಜಿನ ಅಂಚಿಗೆ ಹತ್ತು ನಿಮಿಷ ನೀರು ಬಿಡಿ. ಯಾವಾಗ ಕಲೆ ಒದ್ದೆಯಾಯಿತೋ ತೂತು ಅಲ್ಲೇ ಇದೆ.