ಮದ್ದುಸೊಪ್ಪಿನ ಬಣ್ಣಕ್ಕೆ ನಾನು ಮೋಸಹೋದದ್ದು

ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರಂದು ನಮ್ಮ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಕೂಡಿರುತ್ತದೆ ಎಂಬುದು ಕೊಡಗಿನವರ ನಂಬಿಕೆ. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತು ಅಂತ ಅಜ್ಜಿಯ ಲೆಕ್ಕ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಈ ಗಿಡವನ್ನೇ ಹಿಡಿದೆ. ಅದರ ಸಾರ ಕ್ಯಾನ್ಸರ್ ಕೋಶಗಳನ್ನು ಏನು ಮಾಡುತ್ತದೆ, ನೋಡೋಣ ಅಂತ.

ಮೊದಲು ಕೈಕೊಟ್ಟದ್ದು ಮಳೆ. ನೆರಳಲ್ಲಿ ಹರಡಿದ ಸೊಪ್ಪಿಗೆ ಮೂರೇ ದಿನದಲ್ಲಿ ಬೂಷ್ಟು. ಒಲೆ ಮೇಲಿನ ಅಟ್ಟದಲ್ಲಿಡು ಎಂದರು ಅಮ್ಮ. ಹೊಗೆ ಹಿಡಿದ ಸೊಪ್ಪಿನಿಂದ ಕೋಶ ಸತ್ತರೆ ಯಾರನ್ನು ಹೊಣೆ ಮಾಡಲಿ? ಲ್ಯಾಬಿನ ಓವನ್ನಿನಲ್ಲಿ 40 ಡಿಗ್ರಿಗೆ ಒಣಗಿಸಿ, ಪಾಯಸಕ್ಕೆ ಮಾಡುವಂತೆಯೇ ನೀರಲ್ಲಿ ಕುದಿಸಿ, ಸೋಸಿ, ಒಣ ಸಾರ ಮಾಡಿಕೊಂಡೆ.

ಹೀಲಾ ಎಂಬ ಗರ್ಭಕಂಠದ ಕ್ಯಾನ್ಸರ್ ಕೋಶಗಳನ್ನು 96 ಗುಳಿಗಳ ತಟ್ಟೆಯಲ್ಲಿ ಬೆಳೆಸಿ, ಸಾರ ಹಾಕಿ, 48 ಗಂಟೆ ಬಿಟ್ಟು ಎಂಟಿಟಿ ಪರೀಕ್ಷೆ ಮಾಡಿದೆ. ಎಂಟಿಟಿ ಒಂದು ಹಳದಿ ರಾಸಾಯನಿಕ, ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. 570 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಆ ಬಣ್ಣ ಅಳೆದರೆ ಎಷ್ಟು ಕೋಶ ಉಳಿದಿವೆ ಎಂಬ ಅಂದಾಜು ಸಿಗುತ್ತದೆ. ನನ್ನ ಅಂಕಿಗಳೋ ತಲೆಕೆಳಗು: ಸಾರ ಹೆಚ್ಚಿದಷ್ಟೂ ಕೋಶಗಳು ಇನ್ನೂ ಗಟ್ಟಿಮುಟ್ಟು! ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅವೇ ಕೋಶಗಳು ಮುದುಡಿ ತೇಲುತ್ತಿದ್ದವು. ಎರಡು ವಾರ ತಲೆ ಕೆಟ್ಟಿತ್ತು. ಕೊನೆಗೆ ಕೋಶವೇ ಇಲ್ಲದ ಗುಳಿಯೊಳಗೆ ಸಾರ ಮತ್ತು ಎಂಟಿಟಿ ಹಾಕಿದೆ. ಅದೂ ನೇರಳೆ. ಸಾರಕ್ಕೆ ಮೊದಲೇ ಸ್ವಂತ ಬಣ್ಣ. ಮೇಲಾಗಿ ಗಿಡಗಳ ಆಂಟಿಆಕ್ಸಿಡೆಂಟುಗಳು ಕೋಶದ ಹಂಗಿಲ್ಲದೆಯೇ ಎಂಟಿಟಿಗೆ ಬಣ್ಣ ಬರಿಸಬಲ್ಲವು. ಆಮೇಲೆ ಸಾರವನ್ನು ತೊಳೆದು ತೆಗೆದೇ ಎಂಟಿಟಿ ಹಾಕಿದೆ. ಕೋಶವಿಲ್ಲದ ಸಾಲೊಂದನ್ನು ಪ್ರತಿ ತಟ್ಟೆಯಲ್ಲೂ ಇಟ್ಟೆ.

ಆಗ ಕಂಡದ್ದು ಸಪ್ಪೆ ಸತ್ಯ. ಬಹಳ ಸಾರ ಸುರಿದರೆ ಮಾತ್ರ ಕೋಶ ಸಾಯುತ್ತಿತ್ತು, ಅಷ್ಟು ಸುರಿದರೆ ಮಂಗದ ಮೂತ್ರಪಿಂಡದಿಂದ ಬಂದ, ಕ್ಯಾನ್ಸರಲ್ಲದ ವೀರೋ ಕೋಶಗಳೂ ಸಾಯುತ್ತಿದ್ದವು. ತಟ್ಟೆಯಲ್ಲಿ ಕೋಶ ಕೊಲ್ಲಲು ಉಪ್ಪುನೀರೂ ಸಾಕು.

ಪ್ರಾಜೆಕ್ಟಿನ ಸುದ್ದಿ ಹೇಗೋ ಹಬ್ಬಿ, ಪರಿಚಯದವರೊಬ್ಬರು ಫೋನ್ ಮಾಡಿದರು: ಕೀಮೋ ಬಿಟ್ಟು ಸೊಪ್ಪಿನ ಕಷಾಯ ಕುಡಿಯಬಹುದಾ? ಬೇಡವೇ ಬೇಡ ಅಂದೆ. ಅಂಗಳದ ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ವಿನ್‌ಕ್ರಿಸ್ಟಿನ್ ಬಂದದ್ದು, 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ನಿಜ. ಆದರೆ ಅದನ್ನು ಶುದ್ಧಮಾಡಿ, ಮಿಲಿಗ್ರಾಮಿನಲ್ಲಿ ಅಳೆದು ರಕ್ತನಾಳಕ್ಕೆ ಕೊಡುತ್ತಾರೆ. ಆ ಗಿಡದ ಎಲೆ ಜಗಿದರೆ ವಿಷ. ನನ್ನಲ್ಲಿ ಒಣ ಸೊಪ್ಪು ಇನ್ನೂ ಅರ್ಧ ಕಿಲೋ ಇತ್ತು. ಎರಡು ಸಲ ಕೇಳಿದರು, ಕೊಡಲಿಲ್ಲ.