ಎಲ್‌ಎಲ್‌ಸಿಯ ವಾರ್ಷಿಕ ವರದಿ: ಗಡುವು ತಪ್ಪದಂತೆ ಸಲ್ಲಿಸುವುದು ಹೇಗೆ?

ಅಮೆರಿಕದಲ್ಲಿ ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಗಾರಿಕೆಯ ಕಂಪನಿಯನ್ನು ನೋಂದಾಯಿಸಿದ ಹಲವರು ‘ವಾರ್ಷಿಕ ವರದಿ’ ಎಂಬ ಮಾತು ಕೇಳಿದೊಡನೆ ಲಾಭ–ನಷ್ಟದ ಪಟ್ಟಿ, ಲೆಕ್ಕಪರಿಶೋಧಕರ ಸಹಿ, ದಪ್ಪ ಕಡತಗಳನ್ನು ನೆನೆದು ಆ ಕೆಲಸವನ್ನು ಮುಂದೂಡುತ್ತಾರೆ. ಆದರೆ ಬಹುತೇಕ ರಾಜ್ಯಗಳಲ್ಲಿ ಈ ವರದಿಗೂ ಹಣಕಾಸಿನ ಲೆಕ್ಕಕ್ಕೂ ಸಂಬಂಧವಿಲ್ಲ. ಕಂಪನಿಯ ಕಚೇರಿ ಎಲ್ಲಿದೆ, ಅದನ್ನು ನಡೆಸುತ್ತಿರುವವರು ಯಾರು, ನ್ಯಾಯಾಲಯದ ನೋಟಿಸು ಬಂದರೆ ಯಾರ ಕೈಗೆ ಕೊಡಬೇಕು ಎಂಬುದನ್ನು ರಾಜ್ಯಕ್ಕೆ ತಿಳಿಸುವ ಒಂದು ಪುಟ್ಟ ಅರ್ಜಿ ಅದು. ಮಾಹಿತಿ ಕೈಯಲ್ಲಿದ್ದರೆ ಅರ್ಧ ಗಂಟೆಯೂ ಬೇಡ. ಆದರೆ ಅದನ್ನು ಮರೆತರೆ ಕಂಪನಿಯನ್ನೇ ವಿಸರ್ಜಿಸುವ ಅಧಿಕಾರ ಹಲವು ರಾಜ್ಯಗಳಿಗಿದೆ. ಹಾಗೆ ವಿಸರ್ಜನೆಯಾದ ಕಂಪನಿಯ ಹೆಸರಿನಲ್ಲಿ ವ್ಯವಹಾರ ಮುಂದುವರಿಸಿದವರು ಸಾಲ, ಕರಾರುಗಳಿಗೆ ತಾವೇ ಹೊಣೆಯಾಗುವ ಅಪಾಯವಿರುತ್ತದೆ. ಯಾವ ರಕ್ಷಣೆಗಾಗಿ ಎಲ್‌ಎಲ್‌ಸಿ ಮಾಡಿಸಿದ್ದರೋ ಅದೇ ಕೈತಪ್ಪುತ್ತದೆ.

ಮೊದಲು ನಿಮ್ಮ ರಾಜ್ಯದ ನಿಯಮ ತಿಳಿಯಿರಿ

ಎಲ್‌ಎಲ್‌ಸಿ ಹುಟ್ಟುವುದು ರಾಜ್ಯದ ಕಾನೂನಿನಿಂದಲೇ ಹೊರತು ಕೇಂದ್ರದ ಕಾನೂನಿನಿಂದಲ್ಲ. 1977ರಲ್ಲಿ ವಯೋಮಿಂಗ್ ಮೊದಲ ಬಾರಿಗೆ ಇಂತಹ ಕಾಯ್ದೆ ತಂದ ಮೇಲೆ ಒಂದೊಂದು ರಾಜ್ಯವೂ ತನ್ನದೇ ರೀತಿಯಲ್ಲಿ ನಿಯಮ ಮಾಡಿಕೊಂಡಿತು. ಹೀಗಾಗಿ ಬೇರೆ ರಾಜ್ಯದಲ್ಲಿರುವ ಸ್ನೇಹಿತರ ಸಲಹೆಯನ್ನು ನಂಬಿ ಕೂರುವುದು ಈ ವಿಷಯದಲ್ಲಿ ತರವಲ್ಲ.

ವರದಿಯ ಹೆಸರೇ ಎಲ್ಲೆಡೆ ಒಂದಾಗಿಲ್ಲ. ಫ್ಲಾರಿಡಾದಲ್ಲಿ ಅದು ಆ್ಯನ್ಯುಯಲ್ ರಿಪೋರ್ಟ್. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್ ಎನ್ನುತ್ತಾರೆ. ನೋಂದಣಿಯಾದ 90 ದಿನಗಳೊಳಗೆ ಮೊದಲ ಬಾರಿ, ಬಳಿಕ ಎರಡು ವರ್ಷಕ್ಕೊಮ್ಮೆ 20 ಡಾಲರ್ ಕಟ್ಟಿ ಸಲ್ಲಿಸಬೇಕು. ನ್ಯೂಯಾರ್ಕ್‌ನಲ್ಲಿಯೂ ಎರಡು ವರ್ಷಕ್ಕೊಮ್ಮೆ, ಶುಲ್ಕ ಕೇವಲ 9 ಡಾಲರ್. ಮ್ಯಾಸಚೂಸೆಟ್ಸ್‌ನಲ್ಲಿ ಇದೇ ಕೆಲಸಕ್ಕೆ ವರ್ಷಕ್ಕೆ 500 ಡಾಲರ್ ತೆರಬೇಕು. ಟೆಕ್ಸಸ್‌ನಲ್ಲಿ ಮೇ 15ರೊಳಗೆ ಪಬ್ಲಿಕ್ ಇನ್ಫರ್ಮೇಷನ್ ರಿಪೋರ್ಟ್ ಸಲ್ಲಿಸಬೇಕು. ಅದು ಹೋಗುವುದು ಕಂಪನಿ ನೋಂದಣಿ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗಲ್ಲ, ತೆರಿಗೆ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಗೆ. ಒಹಾಯೊ, ಮಿಸೌರಿ, ಆ್ಯರಿಜೋನಾ, ನ್ಯೂ ಮೆಕ್ಸಿಕೊಗಳಲ್ಲಿ ಎಲ್‌ಎಲ್‌ಸಿಗಳಿಗೆ ಇಂತಹ ವರದಿಯೇ ಇಲ್ಲ. ಡೆಲವೇರ್ ಸಹ ಎಲ್‌ಎಲ್‌ಸಿಯಿಂದ ವರದಿ ಕೇಳುವುದಿಲ್ಲ, ಆದರೆ ಜೂನ್ 1ರೊಳಗೆ 300 ಡಾಲರ್ ವಾರ್ಷಿಕ ತೆರಿಗೆ ಕೇಳುತ್ತದೆ. ತಪ್ಪಿದರೆ 200 ಡಾಲರ್ ದಂಡ, ಮೇಲೆ ತಿಂಗಳಿಗೆ ಶೇ 1.5ರಷ್ಟು ಬಡ್ಡಿ. ‘ಡೆಲವೇರ್‌ನಲ್ಲಿ ವರದಿ ಇಲ್ಲ’ ಎಂಬ ಅರ್ಧ ಸತ್ಯವನ್ನು ಕೇಳಿ ತೆರಿಗೆಯನ್ನೂ ಬಿಟ್ಟವರಿಗೆ ಈ ಮೊತ್ತ ಬೆಳೆಯುತ್ತಲೇ ಹೋಗುತ್ತದೆ.

ನಿಯಮಗಳು ಬದಲಾಗುತ್ತವೆ ಎಂಬುದಕ್ಕೆ ಪೆನ್ಸಿಲ್ವೇನಿಯಾ ಇತ್ತೀಚಿನ ಉದಾಹರಣೆ. ಹತ್ತು ವರ್ಷಕ್ಕೊಮ್ಮೆ ಮಾತ್ರ ವರದಿ ಕೇಳುತ್ತಿದ್ದ ಆ ರಾಜ್ಯ 2025ರಿಂದ ಪ್ರತಿವರ್ಷ ಕೇಳತೊಡಗಿದೆ. ಎಲ್‌ಎಲ್‌ಸಿಗಳಿಗೆ ಸೆಪ್ಟೆಂಬರ್ 30 ಗಡುವು, ಶುಲ್ಕ 7 ಡಾಲರ್.

ನಿಮ್ಮ ಕಂಪನಿ ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದು ರಾಜ್ಯದಲ್ಲಿಯೂ ವ್ಯವಹಾರಕ್ಕೆ ನೋಂದಾಯಿಸಿಕೊಂಡಿದ್ದರೆ ಎರಡೂ ಕಡೆಯ ನಿಯಮಗಳನ್ನು ಪಾಲಿಸಬೇಕು.

ಗಡುವನ್ನು ಗುರುತು ಮಾಡಿಕೊಳ್ಳಿ

ಗಡುವುಗಳು ಎರಡು ಬಗೆ. ಕೆಲವು ರಾಜ್ಯಗಳಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ದಿನಾಂಕ. ಫ್ಲಾರಿಡಾದಲ್ಲಿ ಜನವರಿ 1ರಿಂದ ಮೇ 1ರವರೆಗೆ ಅವಕಾಶ. ಉಳಿದ ಕಡೆ ಕಂಪನಿ ನೋಂದಣಿಯಾದ ತಿಂಗಳನ್ನು ಹಿಡಿದು ಲೆಕ್ಕ. ವಯೋಮಿಂಗ್‌ನಲ್ಲಿ ಆ ತಿಂಗಳ ಮೊದಲ ದಿನವೇ ಗಡುವು. ಇಲಿನಾಯ್‌ನಲ್ಲಿ ಆ ಮೊದಲ ದಿನ ಬರುವುದಕ್ಕೂ ಮುಂಚೆ ಸಲ್ಲಿಸಿರಬೇಕು. ಎರಡನೆಯ ಬಗೆಯ ಗಡುವೇ ಹೆಚ್ಚಾಗಿ ತಪ್ಪಿಹೋಗುವುದು, ಏಕೆಂದರೆ ಕಂಪನಿ ಹುಟ್ಟಿದ ದಿನವನ್ನು ಹೆಚ್ಚಿನವರು ನೆನಪಿಟ್ಟುಕೊಂಡಿರುವುದಿಲ್ಲ. ರಾಜ್ಯದ ಜಾಲತಾಣದಲ್ಲಿ ಕಂಪನಿಯ ಹೆಸರನ್ನು ಹುಡುಕಿದರೆ ನೋಂದಣಿ ದಿನಾಂಕವೂ ಕಂಪನಿಯ ಈಗಿನ ಸ್ಥಿತಿಯೂ ಸಿಗುತ್ತವೆ. ರಾಜ್ಯದಿಂದ ಬರುವ ಜ್ಞಾಪನಾ ಪತ್ರವನ್ನೋ ಇಮೇಲನ್ನೋ ನೆಚ್ಚಿಕೊಳ್ಳಬೇಡಿ. ಜ್ಞಾಪನೆ ಬರಲಿಲ್ಲ ಎಂಬ ಕಾರಣಕ್ಕೆ ದಂಡ ಮನ್ನಾ ಆಗುವುದಿಲ್ಲ. ಗಡುವಿಗೆ ಎರಡು ತಿಂಗಳು ಮುಂಚೆ ಒಮ್ಮೆ, ಎರಡು ವಾರ ಮುಂಚೆ ಮತ್ತೊಮ್ಮೆ ನೆನಪಿಸುವಂತೆ ಫೋನಿನ ಕ್ಯಾಲೆಂಡರ್‌ನಲ್ಲಿ ನೀವೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಮಾಹಿತಿ ತುಂಬುವಾಗ

ಕಂಪನಿಯ ಹೆಸರು ನೋಂದಣಿಯಲ್ಲಿ ಇರುವಂತೆಯೇ ಬೇಕು, ಜೊತೆಗೆ ರಾಜ್ಯ ಕೊಟ್ಟ ದಾಖಲೆ ಸಂಖ್ಯೆ, ಕಚೇರಿಯ ವಿಳಾಸ, ಅಂಚೆ ವಿಳಾಸ, ಸದಸ್ಯರ (ಅಂದರೆ ಮಾಲೀಕರ) ಅಥವಾ ಮ್ಯಾನೇಜರುಗಳ ಹೆಸರುಗಳು ಬೇಕು. ಹೆಚ್ಚಿನ ರಾಜ್ಯಗಳಲ್ಲಿ ಹಿಂದಿನ ಬಾರಿ ಕೊಟ್ಟ ವಿವರಗಳು ಪರದೆಯ ಮೇಲೆ ಮೊದಲೇ ತುಂಬಿಕೊಂಡಿರುತ್ತವೆ. ಅವನ್ನು ಓದದೆ ಮುಂದಕ್ಕೆ ಒತ್ತುತ್ತಾ ಹೋಗುವುದು ದೊಡ್ಡ ತಪ್ಪು: ಬಿಟ್ಟುಹೋದ ಪಾಲುದಾರರ ಹೆಸರು, ಖಾಲಿ ಮಾಡಿದ ಕಚೇರಿಯ ವಿಳಾಸ ವರ್ಷಗಟ್ಟಲೆ ಉಳಿದುಬಿಡುವುದು ಹೀಗೆಯೇ.

ಎಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಬೇಕಾದ ಅಂಕಣ ರಿಜಿಸ್ಟರ್ಡ್ ಏಜೆಂಟ್‌ನದು. ಕಂಪನಿಯ ಪರವಾಗಿ ನ್ಯಾಯಾಲಯದ ಮತ್ತು ಸರ್ಕಾರದ ಕಾಗದಗಳನ್ನು ಪಡೆಯುವ ವ್ಯಕ್ತಿ ಅಥವಾ ಸಂಸ್ಥೆ ಅದು. ಅವರಿಗೆ ಅದೇ ರಾಜ್ಯದಲ್ಲಿ ನಿಜವಾದ ಬೀದಿ ವಿಳಾಸ ಇರಬೇಕು, ಅಂಚೆ ಪೆಟ್ಟಿಗೆಯ ಸಂಖ್ಯೆ ನಡೆಯದು. ಏಜೆಂಟ್ ವಿಳಾಸ ಹಳತಾಗಿದ್ದರೆ ಮೊಕದ್ದಮೆಯ ನೋಟಿಸು ನಿಮ್ಮ ಕೈ ಸೇರದೆ, ನಿಮ್ಮ ಗೈರುಹಾಜರಿಯಲ್ಲಿಯೇ ತೀರ್ಪು ಹೊರಬೀಳಬಹುದು. ಕೆಲವು ರಾಜ್ಯಗಳಲ್ಲಿ ಈ ವರದಿಯಲ್ಲೇ ಏಜೆಂಟನ್ನು ಬದಲಿಸಬಹುದು, ಕೆಲವೆಡೆ ಬೇರೆ ಅರ್ಜಿ ಬೇಕು. ಕಂಪನಿಯ ಹೆಸರು ಬದಲಿಸಲು ಮಾತ್ರ ವರದಿ ಸಾಕಾಗುವುದಿಲ್ಲ, ಅದಕ್ಕೆ ತಿದ್ದುಪಡಿ ಪತ್ರ ಸಲ್ಲಿಸಬೇಕು.

ಇಲ್ಲಿ ಬರೆದದ್ದು ಸಾರ್ವಜನಿಕ ದಾಖಲೆಯಾಗುತ್ತದೆ, ಯಾರು ಬೇಕಾದರೂ ಓದಬಹುದು. ನಿಯಮ ಒಪ್ಪುವ ಕಡೆ ಮನೆಯ ವಿಳಾಸಕ್ಕೆ ಬದಲಾಗಿ ವ್ಯವಹಾರದ ವಿಳಾಸ ಕೊಡುವುದು ಲೇಸು.

ಶುಲ್ಕ ಕಟ್ಟಿದ ಮೇಲೆ ರಸೀದಿಯನ್ನೂ ಸಲ್ಲಿಕೆಯ ಪ್ರತಿಯನ್ನೂ ಇಳಿಸಿಟ್ಟುಕೊಳ್ಳಿ. ಕೆಲವು ದಿನಗಳ ನಂತರ ದಾಖಲೆಯಲ್ಲಿ ಕಂಪನಿಯ ಸ್ಥಿತಿ ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ. ಸಾಲ ಕೊಡುವ ಬ್ಯಾಂಕುಗಳು ಕೇಳುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ, ಅಂದರೆ ಕಂಪನಿ ನಿಯಮಬದ್ಧವಾಗಿದೆ ಎಂಬ ರಾಜ್ಯದ ಪತ್ರ, ಸಿಗುವುದು ಇದೇ ದಾಖಲೆಯ ಆಧಾರದ ಮೇಲೆ.

ಈ ವರದಿಯಿಂದ ಮುಗಿಯದ ಕೆಲಸಗಳು

ರಾಜ್ಯದ ವರದಿ ಬೇರೆ, ತೆರಿಗೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 20 ಡಾಲರಿನ ವರದಿ ಸಲ್ಲಿಸಿದವರೂ ರಾಜ್ಯದ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್‌ಗೆ ವರ್ಷಕ್ಕೆ 800 ಡಾಲರ್ ತೆರಿಗೆಯನ್ನು ಪ್ರತ್ಯೇಕವಾಗಿ ಕಟ್ಟಬೇಕು. ಅಮೆರಿಕದ ಹೊರಗಿದ್ದುಕೊಂಡು ಒಬ್ಬರೇ ಎಲ್‌ಎಲ್‌ಸಿ ಹೊಂದಿರುವ ವಿದೇಶಿಯರು ಕಂಪನಿಯೊಡನೆ ನಡೆಸಿದ ವಹಿವಾಟುಗಳನ್ನು, ತಾವೇ ಅದಕ್ಕೆ ಹಾಕಿದ ಬಂಡವಾಳವೂ ಸೇರಿ, ಫಾರಂ 5472ರಲ್ಲಿ ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ತಿಳಿಸಬೇಕು. ಇದನ್ನು ತಪ್ಪಿಸಿದರೆ ದಂಡ 25,000 ಡಾಲರಿನಿಂದ ಶುರುವಾಗುತ್ತದೆ. ಆದಾಯವಿಲ್ಲ, ಹಾಗಾಗಿ ಏನನ್ನೂ ಸಲ್ಲಿಸಬೇಕಿಲ್ಲ ಎಂದು ಭಾವಿಸಿದವರು ಈ ಒಂದು ಫಾರಂ ವಿಷಯದಲ್ಲಾದರೂ ತೆರಿಗೆ ತಜ್ಞರನ್ನು ಕೇಳಲೇಬೇಕು.

ಹೊಸ ಕಂಪನಿಗಳಿಗೆ ಸರ್ಕಾರಿ ನೋಟಿಸಿನಂತೆ ಕಾಣುವ ಖಾಸಗಿ ಪತ್ರಗಳೂ ಬರುತ್ತವೆ. ವರದಿ ಸಲ್ಲಿಸಿಕೊಡುವುದಾಗಿ ಹೇಳಿ ನಿಜವಾದ ಶುಲ್ಕಕ್ಕಿಂತ ಎಷ್ಟೋ ಹೆಚ್ಚು ಹಣ ಕೇಳುವುದು ಅವುಗಳ ರೀತಿ. ನಿಜವಾದ ಮಾಲೀಕರ ವಿವರವನ್ನು ಹಣಕಾಸು ಅಪರಾಧಗಳ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆಯಾದ ಫಿನ್‌ಸೆನ್‌ಗೆ ಕೊಡಬೇಕೆಂದು ಹೆದರಿಸುವ ಪತ್ರಗಳೂ ಇವೆ. 2025ರ ಮಾರ್ಚ್‌ನಲ್ಲಿ ಬಂದ ನಿಯಮದಂತೆ ಅಮೆರಿಕದಲ್ಲೇ ರಚನೆಯಾದ ಕಂಪನಿಗಳಿಗೆ ಆ ಹೊಣೆಯಿಂದ ವಿನಾಯಿತಿ ದೊರೆತಿದೆ. ಯಾವ ಪತ್ರ ಬಂದರೂ ಅದರಲ್ಲಿರುವ ಕೊಂಡಿಯನ್ನು ಒತ್ತದೆ, ರಾಜ್ಯದ ಅಧಿಕೃತ ಜಾಲತಾಣಕ್ಕೆ ನೇರವಾಗಿ ಹೋಗಿ ಬಾಕಿ ಇದೆಯೇ ಎಂದು ನೋಡಿ.

ಗಡುವು ಮೀರಿದ್ದರೆ

ತಡವಾದಷ್ಟೂ ಹೊರೆ ಹೆಚ್ಚು. ಫ್ಲಾರಿಡಾದಲ್ಲಿ 138.75 ಡಾಲರಿನ ಶುಲ್ಕಕ್ಕೆ ಮೇ 1 ದಾಟಿದೊಡನೆ 400 ಡಾಲರ್ ದಂಡ ಸೇರುತ್ತದೆ, ಸೆಪ್ಟೆಂಬರ್‌ವರೆಗೂ ಸಲ್ಲಿಸದಿದ್ದರೆ ಆ ತಿಂಗಳ ನಾಲ್ಕನೆಯ ಶುಕ್ರವಾರ ಕಂಪನಿ ವಿಸರ್ಜನೆಯಾಗುತ್ತದೆ. ಆಗಲೂ ದಾರಿ ಪೂರ್ತಿ ಮುಚ್ಚಿಲ್ಲ. ಪುನಃಸ್ಥಾಪನೆಯ ಅರ್ಜಿಯೊಂದಿಗೆ ಬಾಕಿ ವರ್ಷಗಳ ಶುಲ್ಕವನ್ನೆಲ್ಲ ಕಟ್ಟಿದರೆ ಕಂಪನಿ ಮತ್ತೆ ಜೀವ ಪಡೆಯುತ್ತದೆ. ಆದರೆ ಹೆಚ್ಚು ಕಾಲ ಬಿಟ್ಟರೆ ಅಷ್ಟರಲ್ಲಿ ಬೇರೊಬ್ಬರು ಅದೇ ಹೆಸರನ್ನು ನೋಂದಾಯಿಸಿಕೊಂಡಿರಬಹುದು.

ವ್ಯವಹಾರವನ್ನೇ ನಿಲ್ಲಿಸುವ ಇರಾದೆ ಇದ್ದರೂ ಸುಮ್ಮನೆ ಬಿಟ್ಟುಬಿಡಬೇಡಿ, ವಿಸರ್ಜನಾ ಪತ್ರವನ್ನು ವಿಧಿವತ್ತಾಗಿ ಸಲ್ಲಿಸಿ. ಡೆಲವೇರ್‌ನಲ್ಲಂತೂ ಆ ವರ್ಷದ ತೆರಿಗೆಯೂ ಸೇರಿ ಬಾಕಿಯೆಲ್ಲ ಚುಕ್ತಾ ಆಗುವವರೆಗೆ ಎಲ್‌ಎಲ್‌ಸಿಯ ರದ್ದತಿ ಪತ್ರವನ್ನು ಸ್ವೀಕರಿಸುವುದಿಲ್ಲ.